ಮೂಗುದಾರ ಇಲ್ಲದ ಕರೆಂಟು

ವೋಲ್ಟೇಜಿನ ಬಗ್ಗೆ ಬರೆಯಲು ನನ್ನ ಹತ್ತಿರ ಸರ್ಟಿಫಿಕೇಟು ಯಾವುದೂ ಇಲ್ಲ. ಕುಂದಾಪುರದಲ್ಲಿ ಬಿಕಾಂ, ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್, ಆಮೇಲೆ ಸಿಎ. ಹದಿನೈದು ವರ್ಷಗಳಿಂದ ಇಂಗ್ಲೆಂಡಿನ ನಡುನಾಡಿನ ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ಬೇರೆಯವರ ಲಾಭ ನಷ್ಟ ಕೂಡಿಸಿ ಕಳೆದು ಹೊಟ್ಟೆ ಹೊರೆಯುತ್ತಿದ್ದೇನೆ. ಆದರೆ ನಾನು ಬ್ಯಾಟರಿಯ ಮನೆಯಲ್ಲಿ ಬೆಳೆದವಳು. ಅಪ್ಪಯ್ಯನದು ಹೆದ್ದಾರಿ ಬದಿಯಲ್ಲಿ ಬ್ಯಾಟರಿ ಚಾರ್ಜಿಂಗ್ ಅಂಗಡಿ. ಲಾರಿ, ಟ್ಯಾಕ್ಸಿಗಳ ಬ್ಯಾಟರಿ ಚಾರ್ಜ್ ಮಾಡುವುದು, ಡೈನಮೊ ರಿಪೇರಿ, ವೈರಿಂಗ್. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಕರೆಂಟಿಲ್ಲದ ಹಳ್ಳಿಗಳವರು ಬ್ಲ್ಯಾಕ್ ಅಂಡ್ ವೈಟ್ ಟಿವಿಯನ್ನು ಕಾರಿನ ಬ್ಯಾಟರಿಗೆ ಕಟ್ಟಿ ನೋಡುತ್ತಿದ್ದರು. ಶನಿವಾರ ಸಂಜೆಯೆಂದರೆ ನಮ್ಮ ಅಂಗಡಿಯ ಮುಂದೆ ಸೈಕಲ್ ಕ್ಯಾರಿಯರಿನಲ್ಲಿ ಬ್ಯಾಟರಿ ಕಟ್ಟಿಕೊಂಡು ಬಂದವರ ಸಾಲು. ಯಾರ ಬ್ಯಾಟರಿ, ಯಾವ ಊರು, ಎಷ್ಟು ಮುಂಗಡ ಎಂದು ರೂಲು ಹಾಕಿದ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಆಗ ನನಗೆ ಒಂಬತ್ತು ವರ್ಷ. ಆ್ಯಸಿಡ್ ಮುಟ್ಟಲು ಬಿಡುತ್ತಿರಲಿಲ್ಲ. ಅದು ಅಣ್ಣನಿಗೆ ಮೀಸಲು. ಅಣ್ಣ ಈಗ ದುಬೈಯಲ್ಲಿ ಸೂಪರ್‌ಮಾರ್ಕೆಟ್ ನೋಡಿಕೊಳ್ಳುತ್ತಾನೆ.

ಹಾಗಾಗಿ ನಮ್ಮ ದೋಣಿಯ ಮೋಟಾರು ಮತ್ತು ಬ್ಯಾಟರಿಯ ಜಗಳವನ್ನು ಬರೆಯುವ ಹಕ್ಕು ನನಗೆ ಸ್ವಲ್ಪ ಇದೆ ಎಂದುಕೊಳ್ಳುತ್ತೇನೆ.

ಲೆಮಿಂಗ್ಟನ್ನಿನ ನಡುವೆಯೇ ಗ್ರ್ಯಾಂಡ್ ಯೂನಿಯನ್ ಕಾಲುವೆ ಹರಿಯುತ್ತದೆ. ಹರಿಯುತ್ತದೆ ಎಂದರೆ ನಮ್ಮ ವಾರಾಹಿಯಂತಲ್ಲ, ನಿಂತ ನೀರು. ವಾರಿಕ್‌ನಿಂದ ನ್ಯಾಪ್ಟನ್‌ವರೆಗಿನ ಈ ಭಾಗ ತೆರೆದದ್ದು 1800ರಲ್ಲಿ, ಕಲ್ಲಿದ್ದಲು ಸಾಗಿಸಲು. 1929ರಲ್ಲಿ ಹಲವು ಕಾಲುವೆಗಳನ್ನು ಒಟ್ಟುಮಾಡಿ ಗ್ರ್ಯಾಂಡ್ ಯೂನಿಯನ್ ಎಂದು ಕರೆದರು. ಈಗ ಕಲ್ಲಿದ್ದಲೂ ಇಲ್ಲ, ಎಳೆಯುವ ಕುದುರೆಯೂ ಇಲ್ಲ. ನಿವೃತ್ತರು, ಬಾಡಿಗೆ ಕಟ್ಟಲಾಗದೆ ದೋಣಿಯನ್ನೇ ಮನೆ ಮಾಡಿಕೊಂಡವರು, ನಮ್ಮಂಥ ಭಾನುವಾರದ ನಾವಿಕರು ಓಡಾಡುತ್ತೇವೆ. ನಮ್ಮದು ಉದ್ದನೆಯ ಕಬ್ಬಿಣದ ನ್ಯಾರೋಬೋಟ್ ಅಲ್ಲ. ಇಪ್ಪತ್ತು ಅಡಿಯ ಹಳೆಯ ಫೈಬರ್ ದೋಣಿ, ಹಿಂದೆ ಎಂಟು ಅಶ್ವಶಕ್ತಿಯ ಪೆಟ್ರೋಲ್ ಔಟ್‌ಬೋರ್ಡ್ ಮೋಟಾರು. ಪಕ್ಕದ ಮನೆಯ ಪಂಜಾಬಿ ಅಂಕಲ್ ಜೊತೆ ಪಾಲಿನಲ್ಲಿ ಕೊಂಡದ್ದು. ಅಂಕಲ್ ಇಲ್ಲಿನ ಫೋರ್ಡ್ ಫೌಂಡ್ರಿಯಲ್ಲಿ ಎರಕ ಹೊಯ್ಯುತ್ತಿದ್ದವರು. 2007ರಲ್ಲಿ ಅದು ಮುಚ್ಚಿದ ಮೇಲೆ ತೋಟ, ಗುರುದ್ವಾರ, ಈಗ ದೋಣಿ. ಲೆಕ್ಕ ಬರೆಯುವವಳು ಯಾರು ಎಂದು ಹೇಳಬೇಕಾಗಿಲ್ಲ.

ದೋಣಿಯ ಜೊತೆಗೇ ಬಂದ ಕಾಯಿಲೆ ಒಂದಿತ್ತು. 44 ಆ್ಯಂಪಿಯರ್ ಅವರ್‌ನ ಬ್ಯಾಟರಿ ವರ್ಷ ತುಂಬುವುದರೊಳಗೆ ಸಾಯುತ್ತಿತ್ತು. ಹಿಂದಿನ ಮಾಲೀಕರು ಮೂರು ಬ್ಯಾಟರಿಗಳ ರಸೀದಿಗಳನ್ನು ಅಚ್ಚುಕಟ್ಟಾಗಿ ಫೈಲಿನಲ್ಲಿಟ್ಟು ಕೊಟ್ಟಿದ್ದರು, ಅದೇ ದೋಣಿಯ ಹೆಗ್ಗಳಿಕೆ ಎಂಬಂತೆ. ಒಮ್ಮೆ ಎಲ್‌ಇಡಿ ದೀಪಗಳು ಒಂದೊಂದಾಗಿ ಹೋದವು, ನೀರು ಹೊರಹಾಕುವ ಪಂಪಿನ ಸ್ವಿಚ್ಚು ಹೋಯಿತು. ಅಂಕಲ್ ಬೇಸತ್ತು, ಮಾರಿಬಿಡೋಣ ಬೇಟಿ, ಎಂದು ಎರಡು ಸಲ ಹೇಳಿದ್ದರು.

ಅಷ್ಟರಲ್ಲಿ ಏಪ್ರಿಲ್‌ನಲ್ಲಿ ಅಪ್ಪಯ್ಯ ಬಂದರು.

ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಎಪ್ಪತ್ತಾರರ ಅಪ್ಪಯ್ಯ ಒಬ್ಬರೇ ಇದ್ದಾರೆ ಎಂಬುದು ನನಗೆ ಕಲ್ಲುಸಕ್ಕರೆ ಡಬ್ಬಿಯ ತಳದಲ್ಲಿ ಸೇರಿಕೊಂಡ ಇರುವೆಯ ಹಾಗೆ, ಯಾವಾಗ ಕೈ ಹಾಕಿದರೂ ಕಚ್ಚುತ್ತಿತ್ತು. ವಿಸಿಟರ್ ವೀಸಾದಲ್ಲಿ ಒಮ್ಮೆಗೆ ಆರು ತಿಂಗಳಷ್ಟೇ. ಹೆತ್ತವರನ್ನು ಖಾಯಂ ಆಗಿ ಕರೆಸಿಕೊಳ್ಳುವ ನಿಯಮವನ್ನು 2012ರ ಜುಲೈಯಲ್ಲಿ ಬಿಗಿ ಮಾಡಿದರು. ಈಗ ಆ ವೀಸಾ ಸಿಗಬೇಕಾದರೆ ಸ್ನಾನ ಮಾಡಲು, ಬಟ್ಟೆ ಹಾಕಿಕೊಳ್ಳಲು, ಅಡುಗೆ ಮಾಡಿಕೊಳ್ಳಲು ಕೂಡ ಇನ್ನೊಬ್ಬರ ಸಹಾಯ ಬೇಕೇಬೇಕು ಎಂಬ ಸ್ಥಿತಿ ಇರಬೇಕು, ಆ ಸಹಾಯ ಊರಿನಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ ಎಂದು ತೋರಿಸಬೇಕು. ಕ್ಲೈಂಟುಗಳ ಹತ್ತಾರು ಫಾರ್ಮು ತುಂಬುವವಳು ನಾನು, ಆ ಒಂದು ಫಾರ್ಮನ್ನು ಪೂರ್ತಿ ಓದಿ ಮುಚ್ಚಿಟ್ಟೆ. ಅಪ್ಪಯ್ಯ ಅದಕ್ಕೆ ಅರ್ಹರಾಗುವ ದಿನವನ್ನು ಹಾರೈಸುವುದಾದರೂ ಹೇಗೆ?

ಮೊದಲ ತಿಂಗಳು ಅವರು ಕಿಟಕಿ ಬಳಿ ಕುಳಿತು ಹೋಗಿಬರುವ ಕಾರುಗಳನ್ನು ಎಣಿಸಿದರು. ನಾನು ಕೆಲಸಕ್ಕೆ, ಗಂಡ ಗೇಡನ್ನಿನ ಕಾರು ಕಂಪೆನಿಗೆ, ಮಗ ಶಾಲೆಗೆ. ಜೆಫ್ಸನ್ ಉದ್ಯಾನದಲ್ಲಿ ಎರಡು ಸುತ್ತು ಹಾಕಿದರೆ ಅವರ ದಿನ ಮುಗಿಯಿತು. ಮೇ ತಿಂಗಳ ಒಂದು ಭಾನುವಾರ ಎಲ್ಲರೂ ದೋಣಿಯಲ್ಲಿ ರಾಡ್‌ಫರ್ಡ್ ದಾಟಿ ಬ್ಯಾಸ್ಕೋಟ್ ಕಡೆಗೆ ಹೊರಟೆವು. ಕಾಲುವೆಯಲ್ಲಿ ಗಂಟೆಗೆ ನಾಲ್ಕು ಮೈಲಿಗಿಂತ ವೇಗ ಹೋಗುವಂತಿಲ್ಲ, ಪಕ್ಕದ ದಾರಿಯಲ್ಲಿ ನಾಯಿ ಹಿಡಿದವರು ನಮ್ಮನ್ನು ಹಿಂದೆ ಹಾಕುತ್ತಾರೆ. ಜೊತೆಗೆ ಲಾಕ್‌ಗಳು, ಅಂದರೆ ದೋಣಿಯನ್ನು ನೀರಿನ ಮೆಟ್ಟಿಲು ಹತ್ತಿಸುವ ಬಾಗಿಲುಗಳು. ಎರಡು ಗಂಟೆ ಕಳೆದಿರಬೇಕು. ಅಪ್ಪಯ್ಯ ಇದ್ದಕ್ಕಿದ್ದಂತೆ ಮೂಗು ಎತ್ತಿ, ಕೂತಿದ್ದ ಹಲಗೆಯ ಕಡೆ ಬಗ್ಗಿ, ಕಿವಿ ಇಟ್ಟರು.

“ಮಗಾ, ಬ್ಯಾಟ್ರಿ ಕುದಿತಾ ಇತ್ತ್.”

ಹಲಗೆ ಎತ್ತಿದರೆ ಕೊಳೆತ ಮೊಟ್ಟೆಯ ಸಣ್ಣ ವಾಸನೆ. ನಮಗೆ ಯಾರಿಗೂ ಅದುವರೆಗೆ ಬಂದಿರಲಿಲ್ಲ, ಪೆಟ್ರೋಲ್ ವಾಸನೆಯಲ್ಲಿ ಮುಚ್ಚಿಹೋಗಿತ್ತು. ಬ್ಯಾಟರಿಯ ಮೈ ಬೆಚ್ಚಗಿತ್ತು. ಮಗನ ಕೈಯಲ್ಲಿದ್ದ ಮಲ್ಟಿಮೀಟರ್ ಹಿಡಿದರೆ 15.8 ವೋಲ್ಟ್. ಮೋಟಾರಿನ ಸದ್ದು ಸ್ವಲ್ಪ ಏರಿಸಿದಾಗ 16.3.

ಹನ್ನೆರಡು ವೋಲ್ಟಿನ ಬ್ಯಾಟರಿ ಎಂದು ಕರೆದರೂ ತುಂಬಿದಾಗ ಅದು ಸುಮ್ಮನೆ ನಿಂತಿದ್ದರೆ 12.7 ಇರುತ್ತದೆ, ಅರ್ಧ ಖಾಲಿಯಾದರೆ 12.2ರ ಆಸುಪಾಸು. ಚಾರ್ಜ್ ಮಾಡುವಾಗ 14.4ರವರೆಗೆ ಏರಿಸಬಹುದು. ಅದರಾಚೆ ಹೋದರೆ ಕರೆಂಟು ಸೀಸದ ತಟ್ಟೆಗಳಲ್ಲಿ ಕೂರುವುದನ್ನು ಬಿಟ್ಟು ನೀರನ್ನು ಒಡೆಯುತ್ತದೆ. ಬ್ಯಾಂಕಿನ ಖಾತೆ ತುಂಬಿ ತುಳುಕಿದ್ದನ್ನು ನಾನು ಈವರೆಗೆ ಕಂಡಿಲ್ಲ, ಬ್ಯಾಟರಿಯದು ತುಳುಕುತ್ತದೆ. ರಾತ್ರಿ ಕುಳಿತು ಲೆಕ್ಕ ಹಾಕಿದೆ. ತುಂಬಿದ ಬ್ಯಾಟರಿಗೆ ಮೂರು ಆ್ಯಂಪಿಯರ್‌ನಂತೆ ಐದು ಗಂಟೆ ತುರುಕಿದರೆ ಸುಮಾರು 30 ಗ್ರಾಂ ನೀರು ಆವಿಯಾಗದೆಯೇ ಮಾಯ. ಅದರಿಂದ ಹುಟ್ಟುವ ಹೈಡ್ರೋಜನ್ 35 ಲೀಟರಿಗೂ ಹೆಚ್ಚು. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಹೈಡ್ರೋಜನ್ ಸೇರಿದರೆ ಒಂದು ಕಿಡಿ ಸಾಕು. ನಾವು ಐದು ಜನ ಅದರ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದೆವು.

ಅಪ್ಪಯ್ಯನಿಗೆ ಇದು ಪುಸ್ತಕದ ಮಾತಲ್ಲ. ಯಾರೋ ಬೀಡಿ ಹಚ್ಚಿ ಬಗ್ಗಿದ್ದಕ್ಕೆ ಅಂಗಡಿಯಲ್ಲಿ ಒಂದು ಲಾರಿ ಬ್ಯಾಟರಿ ಒಡೆದಿತ್ತು. ಅಪ್ಪಯ್ಯನ ಎಡ ಮೊಣಕೈಯ ಕಲೆ ಅಂದಿನದು. ಅಮ್ಮ ಓಡಿಬಂದು ಬಿಂದಿಗೆಗಟ್ಟಲೆ ನೀರು ಸುರಿದದ್ದು ನನಗೆ ನೆನಪಿದೆ. ಅವರ ಖಾಕಿ ಅಂಗಿಗಳು ಒಗೆದಾಗ ಸಾಸಿವೆ ಕಾಳಿನಷ್ಟು ತೂತುಗಳಾಗಿ ಬಿಚ್ಚಿಕೊಳ್ಳುತ್ತಿದ್ದವು. ಹಾಕಿಕೊಂಡಾಗ ಕಾಣದ ಆ್ಯಸಿಡ್ ಹನಿ ಕಲ್ಲಿನ ಮೇಲೆ ಕುಕ್ಕಿದಾಗ ಕಾಣುತ್ತಿತ್ತು.

ಅಂದು ಮರಳಿ ಬರುವ ದಾರಿಗೆ ಅವರು ಮಾಡಿದ ಉಪಾಯ ನೋಡಿ. ಮೋಟಾರು ಓಡುತ್ತಿರುವಾಗ ಬ್ಯಾಟರಿಯ ವೈರು ಕಳಚಬಾರದು, ಹಾಗೆ ಮಾಡಿದರೆ ಸುರುಳಿಯ ವೋಲ್ಟೇಜು ಅಂಕೆ ತಪ್ಪಿ ಏರಿ ಉಳಿದದ್ದನ್ನೂ ಸುಡುತ್ತದೆ. ಅದಕ್ಕೇ ಮೊದಲು ಮೋಟಾರು ಬಂದ್. ಹಲಗೆ ತೆಗೆದು ಅರ್ಧ ಗಂಟೆ ಗಾಳಿಯಾಡಲು ಬಿಟ್ಟರು. ಅಂಕಲ್‌ನ ಡಬ್ಬಿಯಲ್ಲಿ ಹಳೆಯ ಕಾರಿನ ಒಂದು ಹೆಡ್‌ಲೈಟ್ ಬಲ್ಬು, 55 ವ್ಯಾಟಿನದು, ಸಿಕ್ಕಿತು. ಅದು ನಾಲ್ಕೂವರೆ ಆ್ಯಂಪಿಯರ್ ತಿನ್ನುತ್ತದೆ, ನಮ್ಮ ಮೋಟಾರು ಆ ವೇಗದಲ್ಲಿ ಕೊಡುವುದಕ್ಕಿಂತ ತುಸು ಹೆಚ್ಚೇ. ಅದನ್ನು ಒಂದು ಸ್ವಿಚ್ಚಿನ ಮೂಲಕ ಬ್ಯಾಟರಿಗೆ ಕಟ್ಟಿ, ಟರ್ಮಿನಲ್‌ಗಳಿಗೆ ಮೀಟರ್ ಸಿಕ್ಕಿಸಿ ಮಡಿಲಲ್ಲಿಟ್ಟುಕೊಂಡು ಕುಳಿತರು. 14.3 ದಾಟಿದರೆ ದೀಪ ಹಾಕುವುದು, 13.2ಕ್ಕೆ ಇಳಿದರೆ ಆರಿಸುವುದು. ಹಗಲು ಹೊತ್ತಿನಲ್ಲಿ ಉರಿಯುವ, ಆರುವ ದೀಪ ನೋಡಿ ಎದುರಿನಿಂದ ಬಂದ ದೋಣಿಯವರು ಏನೋ ಸಂಜ್ಞೆ ಎಂದು ಕೈ ಬೀಸಿದರು. ಎರಡು ಗಂಟೆ ಅಪ್ಪಯ್ಯ ಅಲುಗಾಡಲಿಲ್ಲ. ಮೇ ತಿಂಗಳಲ್ಲಿ ಅವರು ಅಷ್ಟು ಹೊತ್ತು ಕಿಟಕಿ ನೋಡದೆ ಕಳೆದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಏಳಕ್ಕೇ ಅವರು ಸ್ನಾನ ಮಾಡಿ ತಯಾರು. “ಇದಕ್ಕೆ ಮೂಗುದಾರ ಇಲ್ಯಾ?” ಎಂಬ ಪ್ರಶ್ನೆ ರಾತ್ರಿಯೆಲ್ಲ ಅವರನ್ನು ಕೊರೆದಿತ್ತು.

ಅವರ ಕಾಲದ ಅಂಬಾಸಿಡರ್ ಟ್ಯಾಕ್ಸಿಗಳಲ್ಲಿ ಮೂಗುದಾರ ಇತ್ತು. ಅದಕ್ಕೆ ಗ್ಯಾರೇಜಿನ ಹೆಸರು ಕಟೌಟ್. ಸಿನಿಮಾ ಟಾಕೀಸಿನ ಮುಂದೆ ನಿಲ್ಲಿಸುತ್ತಿದ್ದುದಲ್ಲ, ಬಾನೆಟ್ ಒಳಗಿನ ಕರಿ ಮುಚ್ಚಳದ ಚಿಕ್ಕ ಪೆಟ್ಟಿಗೆ. ಡೈನಮೊದಲ್ಲಿ ಅಯಸ್ಕಾಂತವನ್ನು ಹುಟ್ಟಿಸುವುದೇ ಕರೆಂಟು, ಫೀಲ್ಡ್ ಸುರುಳಿಯದ್ದು. ವೋಲ್ಟೇಜು ಏರಿದರೆ ಪೆಟ್ಟಿಗೆಯೊಳಗಿನ ಸಣ್ಣ ಕಬ್ಬಿಣದ ನಾಲಗೆ ಸೆಳೆಯಲ್ಪಟ್ಟು ಫೀಲ್ಡಿನ ದಾರಿಗೆ ಒಂದು ತಡೆ ಸೇರಿಸುತ್ತದೆ. ಅಯಸ್ಕಾಂತ ದುರ್ಬಲವಾಗುತ್ತದೆ, ವೋಲ್ಟೇಜು ಇಳಿಯುತ್ತದೆ, ನಾಲಗೆ ಮತ್ತೆ ಬಿಡುತ್ತದೆ. ಸೆಕೆಂಡಿಗೆ ಎಷ್ಟೋ ಸಲ ಈ ಕುಣಿತ. ಆ ನಾಲಗೆಯ ಸ್ಪ್ರಿಂಗನ್ನು ತಿರುಪಿ ಸರಿಯಾದ ವೋಲ್ಟಿಗೆ ನಿಲ್ಲಿಸುವುದರಲ್ಲಿ ಅಪ್ಪಯ್ಯನದು ಪಳಗಿದ ಕೈ. ಭಟ್ಕಳ, ಬೈಂದೂರಿನಿಂದಲೂ ಟ್ಯಾಕ್ಸಿಯವರು ಬರುತ್ತಿದ್ದರು. ಮುಚ್ಚಳದ ಮೇಲಿನ ಲೂಕಾಸ್ ಎಂಬ ಹೆಸರನ್ನು ನಾನು ಇಂಗ್ಲಿಷ್ ಕಲಿಯುವಾಗ ಕೂಡಿಸಿ ಓದಿದ್ದೆ. ಆ ಲೂಕಾಸ್ ಬರ್ಮಿಂಗ್‌ಹ್ಯಾಂ ಕಂಪೆನಿ, ನಮ್ಮ ಮನೆಯಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಇಲ್ಲ ಎಂದಾಗ ಅಪ್ಪಯ್ಯ ನಂಬಲಿಲ್ಲ. ಜೂನ್‌ನಲ್ಲಿ ಕರೆದುಕೊಂಡು ಹೋದೆ. ಗ್ರೇಟ್ ಕಿಂಗ್ ಸ್ಟ್ರೀಟಿನಲ್ಲಿ ಆ ದೊಡ್ಡ ಕಾರ್ಖಾನೆ ಈಗಿಲ್ಲ. ಬೀದಿಯ ಹೆಸರಿನ ಫಲಕದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಊರಿನಲ್ಲಿ ಯಾರಿಗೆ ತೋರಿಸುತ್ತಾರೋ, ಆ ಕಟೌಟ್ ಬಲ್ಲವರಲ್ಲಿ ಅರ್ಧದಷ್ಟು ಜನ ಈಗಿಲ್ಲ.

ಔಟ್‌ಬೋರ್ಡ್ ಮೋಟಾರಿನ ಸಂಗತಿ ಬೇರೆ. ಅದರ ತಲೆಯ ಮೇಲೆ ತಿರುಗುವ ಫ್ಲೈವೀಲಿನ ಒಳಮೈಗೆ ಶಾಶ್ವತ ಅಯಸ್ಕಾಂತಗಳನ್ನು ಅಂಟಿಸಿರುತ್ತಾರೆ. ಅವು ಸುರುಳಿಗಳ ಸುತ್ತ ತಿರುಗಿದರೆ ಕರೆಂಟು ಹುಟ್ಟುತ್ತದೆ, ಡಯೋಡುಗಳ ಒಂದು ರೆಕ್ಟಿಫೈಯರ್ ಅದನ್ನು ಡಿಸಿ ಮಾಡಿ ಬ್ಯಾಟರಿಗೆ ಕಳಿಸುತ್ತದೆ. ಅಷ್ಟೇ. ಅನೇಕ ಸಣ್ಣ ಮೋಟಾರುಗಳಲ್ಲಿ ರೆಗ್ಯುಲೇಟರ್ ಇರುವುದಿಲ್ಲ, ಏಕೆಂದರೆ ಇವು ಕೊಡುವುದೇ ಐದಾರು ಆ್ಯಂಪಿಯರ್, ಹಸಿದ ದೊಡ್ಡ ಬ್ಯಾಟರಿ ಅದನ್ನು ನುಂಗಿ ಸುಮ್ಮನಿರುತ್ತದೆ. ನಮ್ಮದು ಚಿಕ್ಕ ಬ್ಯಾಟರಿ, ಮೇಲಾಗಿ ದೋಣಿಯ ಮಾಡಿನಲ್ಲಿ ಪುಟ್ಟ ಸೋಲಾರ್ ಹಲಗೆ ಇತ್ತು. ವಾರವಿಡೀ ಬಿಸಿಲು ಉಣ್ಣಿಸಿ ತುಂಬಿಸಿಟ್ಟ ಬ್ಯಾಟರಿಗೆ ಭಾನುವಾರ ಮೋಟಾರು ಇನ್ನಷ್ಟು ಬಡಿಸುತ್ತಿತ್ತು. ಮದುವೆ ಮನೆಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಹೋಳಿಗೆ ಹಾಕುವವರ ಹಾಗೆ.

ಗಂಗೊಳ್ಳಿ, ಕೋಡಿಯ ನಾಡದೋಣಿಗಳ ಸೀಮೆಎಣ್ಣೆ ಔಟ್‌ಬೋರ್ಡ್‌ಗಳನ್ನು ಅಪ್ಪಯ್ಯ ಕಂಡಿದ್ದರು. ಅವುಗಳಲ್ಲಿ ಬಹುಪಾಲು ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥವು. ಬ್ಯಾಟರಿಯೇ ಇಲ್ಲದ ಮೇಲೆ ಅಂಗಡಿಗೆ ಬರುವ ಪ್ರಶ್ನೆಯೂ ಇರಲಿಲ್ಲ. ಹಾಗಾಗಿ ಈ ಫ್ಲೈವೀಲಿನ ಒಳಗನ್ನು ಅವರು ನೋಡಿದ್ದು ಈ ವಯಸ್ಸಿನಲ್ಲಿ. ಅಯಸ್ಕಾಂತವನ್ನು ಬೆರಳಿನಿಂದ ಸವರಿ ಹೇಳಿದರು, ಇದರ ಶಕ್ತಿ ಕುಗ್ಗಿಸುವುದು ಆಪುದಲ್ಲ, ಹುಟ್ಟಿದ ಕರೆಂಟನ್ನೇ ಏನಾದರೂ ಮಾಡಬೇಕು.

ಮಾಡುವ ದಾರಿ ಎರಡು. ಬ್ಯಾಟರಿಗೆ ಹೋಗುವ ದಾರಿಯನ್ನು ಕಡಿದುಬಿಡುವುದು ಒಂದು. ಆಗ ಸುರುಳಿ ಖಾಲಿ ಓಡಿ ವೋಲ್ಟೇಜು ಹಲವು ಪಟ್ಟು ಏರುತ್ತದೆ, ಅದನ್ನು ತಾಳುವ ಗಟ್ಟಿ ಬಿಡಿಭಾಗ ಬೇಕು. ಇನ್ನೊಂದು ಶಂಟ್ ಪದ್ಧತಿ: ವೋಲ್ಟೇಜು ಗಡಿ ಮುಟ್ಟಿದ ಕೂಡಲೆ ಸುರುಳಿಯ ಎರಡು ತುದಿಗಳನ್ನೇ ಒಂದಕ್ಕೊಂದು ಶಾರ್ಟ್ ಮಾಡುವುದು. ನಾನು ಇದನ್ನು ಓದಿ ಹೇಳಿದಾಗ ಅಪ್ಪಯ್ಯ ನನ್ನನ್ನು, ಅಂಗಡಿಯ ಪುಸ್ತಕದಲ್ಲಿ ಕೂಡಿಕೆ ತಪ್ಪಿದವಳನ್ನು ನೋಡುವಂತೆ ನೋಡಿದರು. ಶಾರ್ಟ್ ಎಂದರೆ ಹೊಗೆ, ಅವರ ಐವತ್ತು ವರ್ಷದ ಅನುಭವ.

ಸುಡುವುದಿಲ್ಲ ಏಕೆಂದರೆ, ಮೋಟಾರು ವೇಗವಾದಂತೆ ಸುರುಳಿಯ ವೋಲ್ಟೇಜು ಏರುವುದು ನಿಜ, ಜೊತೆಗೇ ಕರೆಂಟು ಹಿಂದೆ ಮುಂದೆ ದಿಕ್ಕು ಬದಲಿಸುವ ವೇಗವೂ ಅಷ್ಟೇ ಏರುತ್ತದೆ. ಸುತ್ತಿದ ತಂತಿಗೆ ಈ ಬೇಗ ಬೇಗನೆಯ ಬದಲಾವಣೆ ಒಗ್ಗುವುದಿಲ್ಲ, ಅದು ತಾನೇ ತಡೆಯಾಗುತ್ತದೆ. ಹೀಗೆ ಒಂದು ಏರಿಕೆಯನ್ನು ಇನ್ನೊಂದು ನುಂಗಿ ಕರೆಂಟು ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ, ಶಾರ್ಟ್ ಮಾಡಿದರೂ. ನನಗೆ ಅರ್ಥವಾದದ್ದು ಸೈಕಲ್ ಡೈನಮೊದಿಂದ. ಇಳಿಜಾರಿನಲ್ಲಿ ಸೈಕಲ್ಲು ಮೂರು ಪಟ್ಟು ಓಡಿದರೂ ದೀಪದ ಕರೆಂಟು ಮೂರು ಪಟ್ಟು ಆಗುವುದಿಲ್ಲವಲ್ಲ! ಸೈಕಲ್ ಎಂದದ್ದೇ ಅಪ್ಪಯ್ಯನಿಗೆ ಹಾದಿ ತೆರೆಯಿತು. “ಬೈಕಿನ ಆರ್‌ಆರ್ ಯುನಿಟ್ ಇದೇ ಅಲ್ದಾ?” ಎಂದರು. ಹೌದು, ಮೋಟಾರ್ ಸೈಕಲ್ಲುಗಳ ರೆಗ್ಯುಲೇಟರ್ ರೆಕ್ಟಿಫೈಯರ್ ಬಹಳಷ್ಟು ಇದೇ ಜಾತಿಯದು. ಸುರುಳಿಯಿಂದ ಎರಡು ತಂತಿ ಒಳಗೆ, ಬ್ಯಾಟರಿಗೆ ಎರಡು ತಂತಿ ಹೊರಗೆ. ಅಂಥದೊಂದನ್ನು ತರಿಸಿದೆವು.

ಕೂರಿಸಲು ಮೂರು ಸಂಜೆ ಹಿಡಿಯಿತು. ಹಳೆಯ ರೆಕ್ಟಿಫೈಯರನ್ನು ತೆಗೆದು, ಹೊಸದನ್ನು ಅಂಕಲ್ ಕೊರೆದುಕೊಟ್ಟ ಅಲ್ಯೂಮಿನಿಯಂ ತಗಡಿಗೆ ಬಿಗಿದೆವು, ಏಕೆಂದರೆ ಶಂಟ್ ಯುನಿಟ್ ಬಿಸಿಯಾಗುತ್ತದೆ, ಬೆನ್ನಿಗೆ ಲೋಹ ಮತ್ತು ಗಾಳಿ ಬೇಕು. ಬ್ಯಾಟರಿಗೆ ಹೋಗುವ ತಂತಿಯನ್ನು ದಪ್ಪದ್ದು ಮಾಡಿ ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿದೆವು. ಹಳೆಯ ತೆಳು ತಂತಿಯಲ್ಲಿ ನಾಲ್ಕು ಆ್ಯಂಪಿಯರ್ ಹರಿದರೆ 0.4 ವೋಲ್ಟು ದಾರಿಯಲ್ಲೇ ಸೋರುತ್ತಿತ್ತು. ರೆಗ್ಯುಲೇಟರ್ ತನ್ನ ಬಾಗಿಲಲ್ಲಿ ಕಂಡದ್ದನ್ನು ನಂಬುತ್ತದೆ, ಬ್ಯಾಟರಿಯ ಬಾಗಿಲಲ್ಲಿ ಏನಿದೆ ಎಂದು ಅದಕ್ಕೆ ತಿಳಿಯುವುದಿಲ್ಲ. ಆಡಿಟ್ ಮಾಡುವವರಿಗೆ ಇದು ಹೊಸ ವಿಷಯವೇನಲ್ಲ.

ಅಪ್ಪಯ್ಯ ಹಿಂದಿಯಲ್ಲಿ, ಅಂಕಲ್ ಪಂಜಾಬಿಯಲ್ಲಿ, ಇಬ್ಬರೂ ಅರ್ಧ ಕೈಸನ್ನೆಯಲ್ಲಿ ಮಾತಾಡುತ್ತಿದ್ದರು. ಹನ್ನೆರಡು ಕಿಲೋದ ಬ್ಯಾಟರಿಯನ್ನು ಅಪ್ಪಯ್ಯ ಯಾರ ಸಹಾಯವೂ ಬೇಡವೆಂದು ಎತ್ತಿದರು. ನನಗೆ ಆ ವೀಸಾ ಫಾರ್ಮು ನೆನಪಾಯಿತು. ಸಂತೋಷವಾಯಿತು, ಸಂಕಟವೂ ಆಯಿತು. ಟರ್ಮಿನಲ್ ಬಿಗಿಯುವಾಗ ಅವರ ಬಲಗೈ ಸ್ವಲ್ಪ ನಡುಗಿತು. ಸ್ಪ್ಯಾನರನ್ನು ಮಾತಿಲ್ಲದೆ ನನ್ನ ಕಡೆ ಚಾಚಿದರು. ಅಂಗಡಿಯಲ್ಲಿ ನನ್ನ ಕೈಗೆ ಬಾರದಿದ್ದ ಸ್ಪ್ಯಾನರು ಅದು. ನೆಗೆಟಿವ್ ಕೊನೆಗೆ, ಎಂದಷ್ಟೇ ಹೇಳಿದರು.

ಆಮೇಲೆ ಪರೀಕ್ಷೆ. ಮೋಟಾರು ನಿಧಾನ, ನಡು, ಜೋರು. “ಬರ್ಕೋ ಮಗಾ” ಎಂದರು. ಫೋನಿನಲ್ಲಿ ಬರೆದರೆ ಅವರಿಗೆ ಸಮಾಧಾನವಿಲ್ಲ, ಮಗನ ಗಣಿತದ ಪುಸ್ತಕದ ಹಿಂದಿನ ಹಾಳೆಗೆ ರೂಲು ಹಾಕಿದೆ. ನಿಧಾನದಲ್ಲಿ 13.6, ನಡುವಿನಲ್ಲಿ 14.4, ಜೋರಿನಲ್ಲಿಯೂ 14.4. ಎರಡು ಗಂಟೆ ಓಡಿಸಿದರೂ 14.4. ಬ್ಯಾಟರಿಗೆ ಕಿವಿ ಇಟ್ಟರೆ ಸದ್ದಿಲ್ಲ.

ಅಪ್ಪಯ್ಯನ ಮುಖ ಮಾತ್ರ ಗಂಟಿಕ್ಕಿತು. ಅವರ ಪ್ರಕಾರ 14.4 ಜಾಸ್ತಿ. ಕಟೌಟನ್ನು ಅವರು ಜೀವಮಾನವಿಡೀ 13.9ಕ್ಕೆ ನಿಲ್ಲಿಸಿದವರು, ಅದಕ್ಕಿಂತ ಏರಿಸಿದ ಟ್ಯಾಕ್ಸಿಗಳು ನೀರು ಕುಡಿದು ವಾಪಸು ಬರುತ್ತಿದ್ದವು. ಬ್ಯಾಟರಿಯ ಜೊತೆ ಬಂದ ಹಾಳೆಯಲ್ಲಿ 14.4 ಎಂದೇ ಇದೆ ಎಂದೆ. ಹಾಳೆ ಬರೆದವ ಬ್ಯಾಟರಿ ಬಿಚ್ಚಿದ್ದಾನೋ ಎಂದು ಕೇಳಿದರು. ಅಂಕಲ್ ಯಾರ ಪಕ್ಷ ವಹಿಸಬೇಕೆಂದು ತಿಳಿಯದೆ ಚಹಾ ಸುರಿದರು. ಎರಡು ದಿನ ಮನೆಯಲ್ಲಿ ಇದೇ ಚರ್ಚೆ, ಸಾರಿಗೆ ಉಪ್ಪು ಹೆಚ್ಚಾಯಿತೇ ಎಂಬುದೂ ಹಿಂದೆ ಬಿತ್ತು.

ಉತ್ತರ ಅದೇ ಹಾಳೆಯ ಕೆಳಗೆ ಸಣ್ಣಕ್ಷರದಲ್ಲಿತ್ತು. ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆ ಸೆಕೆಗೆ ಚುರುಕು, ಚಳಿಗೆ ಮಂದ. ತಂಪಾದಷ್ಟೂ ಅದಕ್ಕೆ ಹೆಚ್ಚು ವೋಲ್ಟೇಜು ಬೇಕು, ಹತ್ತು ಡಿಗ್ರಿಗೆ ಸುಮಾರು 0.2 ವೋಲ್ಟಿನಷ್ಟು. ಅಪ್ಪಯ್ಯನ ಅಂಗಡಿಯ ತಗಡಿನ ಮಾಡಿನಡಿ 34 ಡಿಗ್ರಿ ಸಾಮಾನ್ಯ, ಬಾನೆಟ್ಟಿನೊಳಗೆ ಇನ್ನೂ ಹೆಚ್ಚು. ನಮ್ಮ ಕಾಲುವೆಯಲ್ಲಿ ಅವರು ಬಂದ ಏಪ್ರಿಲಿನಲ್ಲಿ ಹತ್ತು ಡಿಗ್ರಿ. 24 ಡಿಗ್ರಿಯ ಅಂತರಕ್ಕೆ ಹತ್ತಿರ ಹತ್ತಿರ ಅರ್ಧ ವೋಲ್ಟು. ಹಾಳೆಯ ಮೇಲೆ ಕೂಡಿಸಿ ತೋರಿಸಿದೆ. ಅಪ್ಪಯ್ಯ ಕನ್ನಡಕ ಹಾಕಿ ಸಾಲು ಸಾಲಾಗಿ ಬೆರಳಿಟ್ಟು ನೋಡಿದರು, ಹಿಂದೆ ಶನಿವಾರದ ಪುಸ್ತಕ ನೋಡುತ್ತಿದ್ದ ಹಾಗೆಯೇ. ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಕೆಳಗೆ ಒಂದು ಗೆರೆ ಎಳೆದರು. ಅಂಗಡಿಯಲ್ಲಿ ಲೆಕ್ಕ ಚುಕ್ತಾ ಆದರೆ ಹಾಗೆ ಎಳೆಯುತ್ತಿದ್ದರು.

ಜುಲೈ, ಆಗಸ್ಟ್ ಅವರ ಕಾರುಬಾರು ಜೋರಾಯಿತು. ಕಾಲುವೆ ದಡದಲ್ಲಿ ಕಟ್ಟಿದ ಇತರ ದೋಣಿಗಳವರು ಹಗಲಲ್ಲಿ ಉರಿದ ದೀಪದ ಕಥೆ ಕೇಳಿ, ನಮ್ಮ ಬ್ಯಾಟರಿ ಸ್ವಲ್ಪ ನೋಡಿ ಎಂದು ಬಂದರು. ಭಾಷೆ ಬಾರದಿದ್ದರೂ ಹೈಡ್ರೋಮೀಟರಿನ ಗುಂಡು ತೇಲುವುದನ್ನು ತೋರಿಸಲು ಭಾಷೆ ಬೇಡ. ಒಬ್ಬಾಕೆ ದೋಣಿಯಲ್ಲೇ ವಾಸ, ಚಳಿಗಾಲದ ದೀಪ, ಪಂಪು ಎಲ್ಲ ಬ್ಯಾಟರಿಯ ಮೇಲೆ. ಅಪ್ಪಯ್ಯ ಆಕೆಯ ಆರು ಕೋಶಗಳಲ್ಲಿ ಮೂರನೆಯದು ಸತ್ತಿದೆ ಎಂದು ಕಿವಿಯಿಂದಲೇ ಹೇಳಿದರು, ಹೈಡ್ರೋಮೀಟರು ಆಮೇಲೆ ಒಪ್ಪಿತು. ಆಕೆ ಕೊಟ್ಟ ಪ್ಲಮ್ ಹಣ್ಣಿನ ಜಾಮ್ ಬಾಟಲಿಯನ್ನು ಕೂಲಿ ಎಂದು ಪುಸ್ತಕದಲ್ಲಿ ಬರೆಸಿದರು.

ಅಂಕಲ್ ಮಾರುವ ಮಾತು ಎತ್ತಲಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಆಗುವ ದೋಣಿಯ ಸುರಕ್ಷತಾ ತಪಾಸಣೆ ಸೆಪ್ಟೆಂಬರಿನಲ್ಲಿ ಬಂತು. ತಪಾಸಣೆಯವರು ಬ್ಯಾಟರಿ ಅಲುಗಾಡದಂತೆ ಕಟ್ಟಿದ್ದನ್ನು, ಗಾಳಿ ಹೋಗುವ ದಾರಿಯನ್ನು, ಟರ್ಮಿನಲ್ಲಿನ ಮುಚ್ಚಳವನ್ನು ಟಾರ್ಚು ಬಿಟ್ಟು ನೋಡಿ, ಯಾರು ಮಾಡಿದ್ದು ಎಂದು ಕೇಳಿದರು. ಅಪ್ಪಯ್ಯ ದಡದಲ್ಲಿ ಬೇರೆ ಕಡೆ ನೋಡುತ್ತ ನಿಂತಿದ್ದರು.

ಅಕ್ಟೋಬರ್ ಮೊದಲ ವಾರ ಅವರನ್ನು ವಿಮಾನ ಹತ್ತಿಸಿದೆ. ಹೋಗುವ ಮುನ್ನ ಉಳಿಯುವ ಮಾತು ನಾನೂ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ಚೀಲದಲ್ಲಿ ಹಳೆಯ ರೆಕ್ಟಿಫೈಯರನ್ನು ಬಟ್ಟೆ ಸುತ್ತಿ ಇಟ್ಟುಕೊಂಡಿದ್ದರು. ಕೆಟ್ಟದ್ದಲ್ಲ, ಡಯೋಡು ಸರಿಯಾಗಿಯೇ ಇವೆ, ಬಿಸಾಕುವುದು ಎಂತಕ್ಕೆ?

ಈಗ ತಿಂಗಳಿಗೊಮ್ಮೆ, ಮೋಟಾರು ಹಿಡಿದುಕೊಳ್ಳದಿರಲಿ ಎಂದು, ದೋಣಿಯನ್ನು ರಾಡ್‌ಫರ್ಡ್‌ವರೆಗೆ ಒಯ್ದು ತರುತ್ತೇವೆ. ಜನವರಿಯಲ್ಲಿ ಕಾಲುವೆಯ ಅಂಚಿಗೆ ಮಂಜಿನ ತೆಳು ಹೆಪ್ಪು ಕಟ್ಟಿತ್ತು. ಮೀಟರು 14.4 ತೋರಿಸುತ್ತಿದ್ದುದನ್ನು ಫೋಟೋ ತೆಗೆದು ಅಪ್ಪಯ್ಯನಿಗೆ ಕಳಿಸಿದೆ. ಐದು ನಿಮಿಷದಲ್ಲಿ ಫೋನು ಬಂತು.

“ಅಲ್ಲಿ ಚಳಿ ಎಷ್ಟಿತ್ತ್?”

ಎರಡು ಡಿಗ್ರಿ ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ, ಕಾಗದ ಮಗುಚುವ ಸದ್ದು.

“ಹಂಗಾರೆ ಇದ್ ಕಮ್ಮಿ ಆಯ್ತ್ ಮಗಾ,” ಎಂದರು.